ಧೈರ್ಯ ಹೇಳಿದ್ದು ತಪ್ಪಾಯಿತೇ?

ಪ್ರಶ್ನೆ: ಕಾಸರಗೋಡಿನ ಕುಂಬಳೆ ಕಡೆಯ ಕನ್ನಡ ಮಾಧ್ಯಮ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಮುಖ್ಯೋಪಾಧ್ಯಾಯಿನಿ ನಾನು. ನಮ್ಮ ಟೀಚರೊಬ್ಬರು ಎರಡು ತಿಂಗಳಿಂದ ಮಂಕಾಗಿದ್ದಾರೆ, ಒಂದೆರಡು ಸಲ ಅತ್ತರು. ಧೈರ್ಯ ಹೇಳಿದೆ. ಹೊರೆ ಇಳಿಯಲಿ ಎಂದು ಅವರ ನಾಲ್ಕನೇ ತರಗತಿಯ ಎಲ್‌ಎಸ್‌ಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ತರಬೇತಿಯನ್ನು ಬೇರೆಯವರಿಗೆ ಕೊಟ್ಟೆ. ಈಗ ಅವರು ನನ್ನ ಹತ್ತಿರ ಮಾತೇ ಆಡುತ್ತಿಲ್ಲ. ಎಡವಿದ್ದೆಲ್ಲಿ?

ಉತ್ತರ: ಅವರನ್ನು ಕೇಳದೆ ತರಬೇತಿ ತೆಗೆದಿರಿ, ಅಲ್ಲೇ. ಖಿನ್ನತೆಯಲ್ಲಿರುವವರಿಗೆ ‘ನಾನು ಯಾವುದಕ್ಕೂ ಬಾರದವಳು’ ಎಂಬ ಯೋಚನೆ ಮೊದಲೇ ಕಾಡುತ್ತಿರುತ್ತದೆ. ನಿಮ್ಮ ಕರುಣೆ ಅದಕ್ಕೆ ಸಾಕ್ಷಿ ನುಡಿಯಿತು. ‘ಧೈರ್ಯ ತಂದುಕೊಳ್ಳಿ’ ಎಂಬುದೂ ಹಾಗೆಯೇ. ತರಲಾಗದ್ದೇ ಅವರ ಕಾಯಿಲೆ.

ಮಕ್ಕಳು ಮನೆಗೆ ಹೋದ ಮೇಲೆ ಅರ್ಧ ಗಂಟೆ ಕೂರಿ. ಬಾಗಿಲು ಹಾಕಿ, ಫೋನ್ ಸೈಲೆಂಟ್ ಮಾಡಿ. ಕೇಳದೆ ತೀರ್ಮಾನಿಸಿದ್ದಕ್ಕೆ ಮೊದಲು ಕ್ಷಮೆ ಕೇಳಿ. ಆಮೇಲೆ ಕಣ್ಣಿಗೆ ಕಂಡದ್ದಷ್ಟೇ ಹೇಳಿ: ‘ನಿಮ್ಮ ಬುತ್ತಿ ತುಂಬಿದ ಹಾಗೇ ವಾಪಸು ಹೋಗುತ್ತಿದೆ.’ ಕಾರಣ ಊಹಿಸಬೇಡಿ, ಮನೆಯ ವಿಷಯ ಕೆದಕಬೇಡಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ (ಪಾಠ ಹೇಳಿ ರೂಢಿಯಾದವರಿಗೆ ಇದೇ ಕಷ್ಟ). ಯಾವ ಕೆಲಸ ಇಟ್ಟುಕೊಳ್ಳುತ್ತೀರಿ, ಯಾವುದು ಸದ್ಯಕ್ಕೆ ಬೇಡ ಎಂದು ಅವರ ಬಾಯಿಂದಲೇ ಬರಲಿ. ಖಿನ್ನತೆಯಲ್ಲಿ ಹಲವರಿಗೆ ಬೆಳಗ್ಗೆಯೇ ಹೆಚ್ಚು ಭಾರ. ಬೇಕಿದ್ದರೆ ಮೊದಲ ಪೀರಿಯಡ್ ಬದಲಿಸಿ. ಏರ್ಪಾಡು ಎರಡು ವಾರಕ್ಕಿರಲಿ, ಮತ್ತೆ ಕೂರುವ ದಿನ ಅಂದೇ ಗೊತ್ತುಮಾಡಿ. ಉಳಿದವರಿಗೆ ‘ಟೈಮ್‌ಟೇಬಲ್ ಬದಲಾಗಿದೆ’ ಎಂದರೆ ಸಾಕು.

ಎರಡು ತಿಂಗಳಾಗಿರುವುದರಿಂದ ವೈದ್ಯರು ನೋಡಲೇಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಖಿನ್ನತೆಯ ಮಾತ್ರೆಗಳು ಗುಣ ತೋರಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ಹತ್ತನೇ ದಿನಕ್ಕೆ ‘ಇನ್ನೂ ಹಾಗೇ ಇದ್ದೀರಲ್ಲ’ ಎಂದರೆ ಅವರು ಮಾತ್ರೆಯನ್ನೇ ಬಿಟ್ಟಾರು.

ಪ್ರಶ್ನೆ: ನಮ್ಮತ್ತೆಗೆ ತುಳು, ಕನ್ನಡ ಬಿಟ್ಟು ಬೇರೆ ಬಾರದು. ಮಲಯಾಳಿ ಡಾಕ್ಟರಲ್ಲಿ ‘ಮಂಡೆಬೆಚ್ಚ’ ಎಂದರು, ತಲೆನೋವಿನ ಮಾತ್ರೆ ಸಿಕ್ಕಿತು. ಏನು ಮಾಡಲಿ? (ಮಂಜೇಶ್ವರ)

ಉತ್ತರ: ನಮ್ಮ ಕಡೆಯ ಮಂಡೆಬೆಚ್ಚದಲ್ಲಿ ಚಿಂತೆ, ಸಂಕಟ, ನಿದ್ದೆಗೇಡು ಎಲ್ಲ ಸೇರಿದೆ, ಬಿಡಿಸಿ ಹೇಳಬೇಕು. ಯಾವಾಗ ಶುರುವಾಯಿತು, ರಾತ್ರಿ ಎಷ್ಟು ಗಂಟೆ ನಿದ್ದೆ, ದಿನಕ್ಕೆ ಎಷ್ಟು ಹೊತ್ತಿನ ಊಟ, ಈಗಿನ ಮಾತ್ರೆಗಳು ಯಾವುವು ಎಂದು ಅರ್ಧ ಪುಟ ಬರೆದು, ಮಲಯಾಳ ಬಲ್ಲವರಿಂದ ಅದನ್ನು ಮಲಯಾಳದಲ್ಲಿ ಬರೆಸಿ ಒಯ್ಯಿರಿ. ದುಭಾಷಿಯಾಗಿ ಮೊಮ್ಮಗನನ್ನೋ ನೆರೆಮನೆಯವರನ್ನೋ ಕರೆದೊಯ್ಯಬೇಡಿ, ಅವರೆದುರು ಅತ್ತೆ ಅರ್ಧ ನುಂಗುತ್ತಾರೆ. ಕೇಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡ ಆರಿಸಿಕೊಳ್ಳಬಹುದು. ಫೋನ್ ಹಿಡಿಸಿಕೊಟ್ಟು ನೀವು ಕೋಣೆಯಿಂದ ಹೊರಗೆ ಬನ್ನಿ.