ಸಿಕಲ್ ಸೆಲ್ ಇರುವವರಿಗೆ ತೊಡೆಸಂದು ನೋವು: ಎಕ್ಸ್‌ರೇ ನಾರ್ಮಲ್ ಬಂದರೆ ಸಾಕೇ?

ಎಚ್.ಡಿ. ಕೋಟೆಯ ಹಾಡಿಯಲ್ಲಿರುವ ನಿಮ್ಮ ತಮ್ಮನಿಗೆ 22 ವರ್ಷ, ಸಿಕಲ್ ಸೆಲ್ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ, ಹುಟ್ಟಿನಿಂದ ಬರುವ) ಕಾಯಿಲೆಯಿದೆ, ಮೂರು ತಿಂಗಳಿಂದ ಎಡ ತೊಡೆಸಂದು ನೋಯುತ್ತಿದೆ, ಕುಂಟುತ್ತಿದ್ದಾನೆ, ಎಕ್ಸ್‌ರೇ ನಾರ್ಮಲ್ ಎಂದಿದ್ದೀರಿ. ಇದು ಮಾಮೂಲಿ ನೋವೇ ಎಂದು ಕೇಳಿದ್ದೀರಿ. ಹಾಗೆಂದುಕೊಂಡು ದಯವಿಟ್ಟು ಕಾಯಬೇಡಿ.

ಈ ಕಾಯಿಲೆಯ ಮಾಮೂಲಿ ನೋವು ಒಮ್ಮೆಲೇ ಜೋರಾಗಿ ಬಂದು ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ಇಳಿಯುತ್ತದೆ. ಒಂದೇ ಕೀಲಿನಲ್ಲಿ ತಿಂಗಳುಗಟ್ಟಲೆ ನಿಂತು, ಕಾಲೂರಿದಾಗ ಹೆಚ್ಚಾಗುವ ನೋವು ಬೇರೆ. ತೊಡೆಮೂಳೆಯ ಮೇಲ್ತುದಿಯಲ್ಲಿ, ಕೀಲಿನೊಳಗೆ ಕೂರುವ ಗುಂಡು ಭಾಗಕ್ಕೆ ರಕ್ತ ಹೋಗುವುದು ಕೆಲವೇ ಸಣ್ಣ ನಾಳಗಳಿಂದ. ಕುಡುಗೋಲಿನಂತೆ ಬಾಗಿದ ಕಣಗಳು ಅಲ್ಲಿ ಸಿಕ್ಕಿಕೊಂಡರೆ ಮೂಳೆ ಒಳಗೇ ಸಾಯುತ್ತದೆ. ಡಾಕ್ಟರು ಎವಿಎನ್ ಅನ್ನುವುದು ಇದಕ್ಕೇ. ಶುರುವಿನಲ್ಲಿ ಗುಂಡಿನ ಆಕಾರ ಕೆಡುವುದಿಲ್ಲ, ಹಾಗಾಗಿ ಎಕ್ಸ್‌ರೇಯಲ್ಲಿ ತಿಂಗಳುಗಟ್ಟಲೆ ಏನೂ ಕಾಣದಿರಬಹುದು. ಎಂಆರ್‌ಐಯಲ್ಲಿ ಕಾಣುತ್ತದೆ. ಎರಡೂ ಕಡೆಯದನ್ನು ಮಾಡಿಸಿ. ಇನ್ನೊಂದು ಕಡೆಯೂ ನೋವಿಲ್ಲದೆಯೇ ಕೆಟ್ಟಿರುವುದು ಅಪರೂಪವಲ್ಲ.

ಮನೆಯಲ್ಲೇ ಒಂದು ಸುಳಿವು ಸಿಗುತ್ತದೆ. ಅಂಗಾತ ಮಲಗಿಸಿ, ಮಂಡಿಯನ್ನೂ ತೊಡೆಯನ್ನೂ 90 ಡಿಗ್ರಿಗೆ ಮಡಚಿ, ಮಂಡಿ ಅಲುಗಾಡದಂತೆ ಹಿಡಿದು ಪಾದವನ್ನು ಮೆಲ್ಲಗೆ ಹೊರಕ್ಕೆ ತನ್ನಿ. ಬಲಗಾಲಿಗೆ ಹೋಲಿಸಿದರೆ ಎಡಗಾಲು ಬೇಗ ಬಿಗಿಯಾಗಿ ತೊಡೆಸಂದಿನಲ್ಲಿ ನೋವು ಬಂದರೆ ಕೀಲಿನೊಳಗೇ ತೊಂದರೆ ಇರಬಹುದು. ಬಲವಂತ ಮಾಡಬೇಡಿ. ಕೆಲವರಿಗೆ ಈ ನೋವು ಮಂಡಿಯಲ್ಲಿ ಮಾತ್ರ ಕಾಣಿಸಿಕೊಂಡು ಮಂಡಿಗೇ ಎಕ್ಸ್‌ರೇ ತೆಗೆಸಿ ಸುಮ್ಮನಾಗುತ್ತಾರೆ.

ಜ್ವರ 101 ದಾಟಿದರೆ ಅಥವಾ ಮೂಳೆಯ ಮೇಲೆ ಊದಿ ಬಿಸಿಯಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮೂಳೆಗೆ ಸೋಂಕು ತಗಲಿರಬಹುದು. ಸಿಕಲ್ ಸೆಲ್‌ನವರಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಅದಕ್ಕೊಂದು ಮುಖ್ಯ ಕಾರಣ. ಸಾಧ್ಯವಾದರೆ ಆಂಟಿಬಯಾಟಿಕ್ ಶುರುವಾಗುವ ಮೊದಲೇ, ಯಾವ ರೋಗಾಣು ಎಂದು ಪತ್ತೆ ಮಾಡುವ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯಲಿ.

ಎಂಆರ್‌ಐ ಆಗುವವರೆಗೆ ಭಾರ ಹೊರುವುದು, ಕುಕ್ಕರಗಾಲಲ್ಲಿ ಕೂರುವುದು, ಜಿಗಿಯುವುದು ಬೇಡ. ಊರುಗೋಲು ಬಲಗೈಯಲ್ಲಿರಲಿ, ನೋವಿರುವ ಕಡೆಯಲ್ಲಲ್ಲ; ಹಾಗೆ ಹಿಡಿದಾಗಲೇ ಎಡ ಕೀಲಿನ ಹೊರೆ ಇಳಿಯುವುದು. ಐಸ್ ಇಡಬೇಡಿ, ತಣ್ಣಗಾದರೆ ಕ್ರೈಸಿಸ್ (ಈ ಕಾಯಿಲೆಯ, ಒಮ್ಮೆಲೇ ಬರುವ ಜೋರು ನೋವು) ಕೆರಳಬಹುದು. ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿಸಬೇಡಿ. ಈ ಕಾಯಿಲೆಯಲ್ಲಿ ಕಿಡ್ನಿ ಮೊದಲೇ ಬಳಲಿರುತ್ತದೆ. ಸ್ಟಿರಾಯ್ಡ್ ಇಂಜೆಕ್ಷನ್ ಅಂತೂ ಸಿಕಲ್ ಸೆಲ್ ನೋಡುವ ಡಾಕ್ಟರನ್ನು ಕೇಳದೆ ಬೇಡವೇ ಬೇಡ. ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಬೇಡಿ. ಅದು ಕ್ರೈಸಿಸ್ ಕಡಿಮೆ ಮಾಡುತ್ತದೆ, ಆದರೆ ಸತ್ತ ಮೂಳೆಯನ್ನು ಬದುಕಿಸುವುದಿಲ್ಲ.

ಗುಂಡು ಇನ್ನೂ ಕುಸಿದಿರದಿದ್ದರೆ ಫಿಸಿಯೋಥೆರಪಿಯನ್ನು ಹಗುರವಾಗಿ ನೋಡಬೇಡಿ. ಸಿಕಲ್ ಸೆಲ್‌ನವರ ಮೇಲೆಯೇ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂಳೆಗೆ ತೂತು ಕೊರೆಯುವ ಆಪರೇಷನ್ ಜೊತೆಗೆ ಫಿಸಿಯೋಥೆರಪಿ ಪಡೆದವರಿಗೂ ಬರೀ ಫಿಸಿಯೋಥೆರಪಿ ಪಡೆದವರಿಗೂ ಮೂರು ವರ್ಷದ ಹೊತ್ತಿಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಕುಸಿದು ನಡೆಯಲಾಗದಿದ್ದರೆ ಕೀಲು ಬದಲಿಸಬೇಕಾಗುತ್ತದೆ. ಆಗ ಅರಿವಳಿಕೆ ಕೊಡುವವರಿಗೆ ಸಿಕಲ್ ಸೆಲ್ ವಿಷಯ ಮೊದಲೇ ಗೊತ್ತಿರಬೇಕು. ಹಿಮೋಗ್ಲೋಬಿನ್ ಸುಮಾರು 10ಕ್ಕೆ ಏರಿಸಲು ರಕ್ತ ಬೇಕಾಗಬಹುದು, ಅದನ್ನು ಎಬಿಒ ಗುಂಪಿನ ಜೊತೆ ಆರ್‌ಎಚ್, ಕೆಲ್ ಎಂಬ ಬೇರೆ ರಕ್ತಗುಂಪುಗಳನ್ನು ಕೂಡ ನೋಡಿ ಹೊಂದಿಸಬೇಕು.

ಎಚ್‌ಪಿಎಲ್‌ಸಿ ವರದಿ (ಸಿಕಲ್ ಸೆಲ್ ಖಚಿತಪಡಿಸುವ ರಕ್ತ ಪರೀಕ್ಷೆಯದು), ಹಳೆಯ ಎಕ್ಸ್‌ರೇ, ಹಿಂದೆ ರಕ್ತ ಹಾಕಿಸಿದ ಚೀಟಿಗಳು, ಆಯುಷ್ಮಾನ್ ಕಾರ್ಡ್ ಹಿಡಿದು ಮೈಸೂರಿನ ಕೆ.ಆರ್. ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ, "ಸಿಕಲ್ ಸೆಲ್ ಇದೆ, ಎವಿಎನ್ ಇರಬಹುದಾ ನೋಡಿ" ಎಂದು ನೇರವಾಗಿ ಹೇಳಿ.