ಒಂಟಿಮನೆಯ ಅಂಗಳದಿಂದ: ಮೊದಲು ಆಷಾಢದ ಲೆಕ್ಕ ಹಾಕಿ

ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿ ನಮ್ಮದು ಒಂಟಿಮನೆ. ಟಾರು ರಸ್ತೆಯಿಂದ ಎರಡೂವರೆ ಕಿಲೋಮೀಟರ್ ಒಳಗೆ. ಕರೆಂಟ್ ಕಂಬ ಇವತ್ತಿಗೂ ಬಂದಿಲ್ಲ. 1999ರಲ್ಲಿ ಇಲ್ಲಿಗೆ ಬಂದ ಮೇಲೆ ಬೆಳಕು, ನೀರು, ಒಲೆ, ಕೋಳಿ, ಹಿತ್ತಲು ಎಲ್ಲವನ್ನೂ ನಾವೇ ಮಾಡಿಕೊಂಡಿದ್ದು. ಈ ತಿಂಗಳು ಬಂದ ಕಾಗದಗಳಲ್ಲಿ ಜಾಸ್ತಿ ಪ್ರಶ್ನೆ ಇದರ ಬಗ್ಗೆಯೇ.

ಪ್ರಶ್ನೆ: ನಾವಿಬ್ಬರೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ತೀರ್ಥಹಳ್ಳಿ ಹತ್ತಿರ ಎರಡು ಎಕರೆ ಜಾಗ ನೋಡಿದ್ದೇವೆ. ಲೈನ್ ಎಳೆಸಲು ಖರ್ಚು ಬಹಳ. 5 ಕೆವಿಎ ಡೀಸೆಲ್ ಜನರೇಟರ್ ಇಟ್ಟುಕೊಂಡು, ಮೇಲೆ ಸ್ವಲ್ಪ ಸೋಲಾರ್ ಹಾಕಿದರೆ ಸಾಕಲ್ವಾ ಅಕ್ಕ? ಫ್ರಿಜ್, ಮಿಕ್ಸಿ, ಲ್ಯಾಪ್‌ಟಾಪ್, ಬೋರ್‌ವೆಲ್ ಮೋಟಾರ್ ನಡೆಯಬೇಕು.

ಜಾಗ ನೋಡಿದ್ದು ಯಾವ ತಿಂಗಳಲ್ಲಿ ಅಂತ ನೀವು ಬರೆದಿಲ್ಲ. ನನ್ನ ಊಹೆ, ಡಿಸೆಂಬರ್ ಇಲ್ಲವೇ ಜನವರಿ. ಆಗ ನಮ್ಮ ಕಡೆ ಎಲ್ಲ ಜಾಗವೂ ಚೆಂದವೇ. ಆಕಾಶ ತಿಳಿ, ಹಳ್ಳದಲ್ಲಿ ನೀರು, ದಾರಿ ಒಣಗಿರುತ್ತದೆ. ದಯವಿಟ್ಟು ಅದೇ ಜಾಗಕ್ಕೆ ಜುಲೈ ನಡುವೆ ಒಮ್ಮೆ ಬನ್ನಿ. ಒಂದು ವಾರ ಹತ್ತಿರದಲ್ಲೇ ಉಳಿದು, ದಿನಾ ಹೋಗಿ ನೋಡಿ. ಕರೆಂಟಿಲ್ಲದ ಮನೆಯ ಲೆಕ್ಕವನ್ನು ಆಷಾಢಕ್ಕೆ ಹಾಕಬೇಕು. ಆಷಾಢ ದಾಟುವ ಮನೆ ವರ್ಷವಿಡೀ ನಡೆಯುತ್ತದೆ.

ನಾವು ಆ ತಪ್ಪು ಮಾಡಿದವರು. 2001ರಲ್ಲಿ 75 ವ್ಯಾಟಿನ ಎರಡು ಪ್ಯಾನಲ್, ಒಂದು ಬ್ಯಾಟರಿ ಹಾಕಿಸಿದೆವು. ಬೇಸಿಗೆಯಲ್ಲಿ ರಾಜಯೋಗ. ಜುಲೈ ಬಂತು. ಒಂಬತ್ತು ದಿನ ಬಿಸಿಲಿನ ಮುಖವೇ ಕಾಣಲಿಲ್ಲ. ಮಗಳ ಪುಸ್ತಕಕ್ಕೆ ಬೆಳಕು ಬೇಕಲ್ಲ ಅಂತ ಇದ್ದಬದ್ದ ಚಾರ್ಜನ್ನೆಲ್ಲ ಹೀರಿದೆವು. ದೀಪಾವಳಿ ಹೊತ್ತಿಗೆ ಬ್ಯಾಟರಿ ಒಂದು ಗಂಟೆಯೂ ನಿಲ್ಲದ ಹಾಗೆ ಆಯಿತು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂತ ನಮಗೆ ಯಾರೂ ಹೇಳಿರಲಿಲ್ಲ. 12 ವೋಲ್ಟ್ 150 ಎಎಚ್ ಬ್ಯಾಟರಿ ಅಂದರೆ ಲೆಕ್ಕಕ್ಕೆ 1.8 ಯೂನಿಟ್. ಕೈಗೆ ಸಿಗುವುದು 0.9 ಅಂತಲೇ ತಿಳಿಯಿರಿ.

ಈಗ ನಿಮ್ಮ ಮನೆ. 9 ವ್ಯಾಟಿನ ಆರು ಬಲ್ಬ್ ಐದು ಗಂಟೆ ಉರಿದರೆ ಕಾಲು ಯೂನಿಟ್ ಚಿಲ್ಲರೆ. ಒಂದು ಲ್ಯಾಪ್‌ಟಾಪ್ ಎಂಟು ಗಂಟೆಗೆ ಸುಮಾರು 0.4, ನಿಮ್ಮದು ಎರಡು. ಮಿಕ್ಸಿ ಇಪ್ಪತ್ತು ನಿಮಿಷಕ್ಕೆ ಕಾಲು. ಸಣ್ಣ ಫ್ರಿಜ್‌ಗೆ ದಿನಕ್ಕೆ ಒಂದು. ಎಲ್ಲ ಸೇರಿ ಎರಡೂವರೆ ಯೂನಿಟ್ ಹತ್ತಿರ. ಒಂದು ಕಿಲೋವ್ಯಾಟ್ ಪ್ಯಾನಲ್ ಮಾರ್ಚ್‌ನಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಜಡಿಮಳೆಯಲ್ಲಿ ಒಂದು ಬಂದರೆ ಪುಣ್ಯ.

ಕೊರತೆ ಬಿದ್ದದ್ದನ್ನು ಜನರೇಟರ್ ತುಂಬುತ್ತದೆ ಅಂತ ನಿಮ್ಮ ಯೋಚನೆ. 5 ಕೆವಿಎ ಡೀಸೆಲ್ ಯಂತ್ರ ಗಂಟೆಗೆ ಒಂದು ಲೀಟರಿಗೂ ಮೇಲೆ ಕುಡಿಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಓಡಿಸಿದರೆ ತಿಂಗಳಿಗೆ 120 ಲೀಟರಿಗಿಂತ ಜಾಸ್ತಿ. ಅದನ್ನು ಮಳೆಯಲ್ಲಿ, ಕೆಸರು ದಾರಿಯಲ್ಲಿ ಕ್ಯಾನಿನಲ್ಲಿ ಹೊತ್ತು ತರುವವರು ಯಾರು? ಮೇಲೆ ಆ ಸದ್ದು. ಜನರೇಟರ್ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮಲ್ಲೂ 2 ಕೆವಿಎ ಪೆಟ್ರೋಲ್ ಯಂತ್ರ ಇದೆ. ವರ್ಷಕ್ಕೆ ಹತ್ತು ಹನ್ನೆರಡು ದಿನ, ಬೇರೆಲ್ಲ ಕೈಕೊಟ್ಟಾಗ ಮಾತ್ರ ಅದರ ಕೆಲಸ.

ಹಾಗಾದರೆ ಮಳೆಗಾಲಕ್ಕೆ ಏನು? ಮಳೆಯೇ. ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಚಕ್ರ ತಿರುಗಿಸಿ, ಡೈನಮೋದಿಂದ ಕರೆಂಟ್ ತೆಗೆಯುವುದು. ನಿಮ್ಮ ಜಾಗದಲ್ಲಿ ಹಳ್ಳ ಇದ್ಯಾ, ಅದು ಎಷ್ಟು ಇಳಿಜಾರಿನಲ್ಲಿ ಹರಿಯುತ್ತದೆ, ಮೊದಲು ಅದನ್ನು ಅಳೆಯಿರಿ. ನೀರನ್ನೆಲ್ಲ ಒಂದು ದಬ್ಬೆಗೆ (ಸೀಳಿದ ಅಡಿಕೆ ಮರದ ದೋಣಿಗೆ) ತಿರುಗಿಸಿ, 20 ಲೀಟರಿನ ಬಕೆಟ್ ಹಿಡಿಯಿರಿ. ಎರಡು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 10 ಲೀಟರ್. ಎತ್ತರ ಅಳೆಯಲು ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪ್ ಸಾಕು. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ಬಿದ್ದರೆ ಕಾಗದದ ಮೇಲೆ ಸುಮಾರು ಎರಡು ಕಿಲೋವ್ಯಾಟ್. ಪೈಪಿನಲ್ಲಿ, ಚಕ್ರದಲ್ಲಿ, ಡೈನಮೋದಲ್ಲಿ ಸೋರಿ ಕೈಗೆ ಬರುವುದು ಅರ್ಧ. ಆದರೆ ಆ ಒಂದು ಕಿಲೋವ್ಯಾಟ್ ಹಗಲೂ ರಾತ್ರಿ ಬರುತ್ತದೆ. ದಿನಕ್ಕೆ 24 ಯೂನಿಟ್! ನಮಗೆ ಖರ್ಚು ಮಾಡಲು ಗೊತ್ತಾಗಲಿಲ್ಲ.

ಪೈಪಿನಲ್ಲಿ ಉಳಿತಾಯ ಮಾಡಬೇಡಿ. ನೂರು ಮೀಟರ್ ದೂರಕ್ಕೆ ಎರಡೂವರೆ ಇಂಚಿನ ಪೈಪ್ ಹಾಕಿದರೆ, ಇಪ್ಪತ್ತು ಮೀಟರ್ ಎತ್ತರದ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಪೈಪಿನ ಗೋಡೆಗೆ ಉಜ್ಜಿಯೇ ಹೋಗುತ್ತದೆ. ನಾಲ್ಕು ಇಂಚು ಹಾಕಿದರೆ ಹೋಗುವುದು ಒಂದೆರಡು ಮೀಟರಿನಷ್ಟು.

ನಮ್ಮ ಚಕ್ರ ಇರುವುದು ತೋಟದ ಕೆಳಗೆ, ನಾಲ್ಕು ಅಡಿ ಅಗಲದ ಒಂದು ಗುಡಿಸಲಿನಲ್ಲಿ. ಅದರ ಸದ್ದು ಮಲಗುವ ಕೋಣೆಗೆ ಸಣ್ಣಗೆ ಕೇಳುತ್ತದೆ. ಮಳೆಯ ನಡುವೆಯೂ ಆ ಸದ್ದು ನನಗೆ ಬೇರೆಯಾಗಿ ಕೇಳುತ್ತದೆ. ಮೇಲೆ ಪೈಪಿಗೆ ನೀರು ತಿರುಗಿಸುವ ಕಟ್ಟೆಯ ಜಾಲರಿಗೆ ಎಲೆ ಕಟ್ಟಿಕೊಂಡರೆ ಮೊದಲು ಸದ್ದು ದಪ್ಪ ಆಗುತ್ತದೆ. ಆಮೇಲೆ ಬಲ್ಬ್ ಒಂದು ಚೂರು ಹಳದಿಗೆ ತಿರುಗುತ್ತದೆ. ಆಗ ಮನೆಯವರು ಕಂಬಳಿಕೊಪ್ಪೆ ಹಾಕಿಕೊಂಡು, ಟಾರ್ಚ್ ಹಿಡಿದು ಏರಬೇಕು. ಹೆಬ್ಬಲಸಿನ ಎಲೆ ಬಲು ತೊಂದರೆ. ಅಗಲ ಎಲೆ, ಜಾಲರಿಗೆ ಹಾಳೆ ಅಂಟಿಸಿದ ಹಾಗೆ ಕೂರುತ್ತದೆ. ಜಾಲರಿಯನ್ನು ನೆಟ್ಟಗೆ ನಿಲ್ಲಿಸದೆ ಓರೆಯಾಗಿ ಮಲಗಿಸಿದ ಮೇಲೆ ಅರ್ಧ ಎಲೆ ತಾನಾಗಿಯೇ ಜಾರಿ ಹೋಗುತ್ತದೆ. ಇದನ್ನು ಕಲಿಯಲು ನಮಗೆ ಮೂರು ಮಳೆಗಾಲ ಬೇಕಾಯಿತು.

ಮನೆಯಲ್ಲಿ ದೀಪ ಆರಿಸಿದರೂ ಚಕ್ರ ತಿರುಗುತ್ತಲೇ ಇರುತ್ತದೆ. ಉಳಿದ ಕರೆಂಟ್ ಎಲ್ಲಿಗಾದರೂ ಹೋಗಲೇಬೇಕು, ಇಲ್ಲದಿದ್ದರೆ ವೋಲ್ಟೇಜ್ ಏರಿ ಬಲ್ಬ್‌ಗಳು ಸುಟ್ಟುಹೋಗುತ್ತವೆ. ಅದಕ್ಕೆ ಒಂದು ಕಂಟ್ರೋಲರ್ ಬರುತ್ತದೆ. ಅದು ಉಳಿಕೆಯನ್ನು ಹೀಟರಿಗೆ ಕಳಿಸುತ್ತದೆ. ನಮ್ಮ ಹೀಟರ್ ಇರುವುದು ಬಚ್ಚಲಿನ ಪಕ್ಕದ ಮುಚ್ಚಿದ ಟ್ಯಾಂಕಿನಲ್ಲಿ. ಆಷಾಢದಲ್ಲಿ ಬಚ್ಚಲ ಒಲೆಗೆ ಹಸಿ ಸೌದೆ ಊದುವ ಕೆಲಸ ಅವತ್ತಿಗೆ ಮುಗಿಯಿತು. ಕರೆಂಟ್ ಬಂದದ್ದಕ್ಕಿಂತ ಆ ಬಿಸಿನೀರಿಗೆ ನಮ್ಮತ್ತೆ ಜಾಸ್ತಿ ಖುಷಿಪಟ್ಟರು.

ಜನವರಿ ಕಳೆದರೆ ಹಳ್ಳ ಸಣ್ಣಗಾಗುತ್ತದೆ. ಅಷ್ಟು ಹೊತ್ತಿಗೆ ಬಿಸಿಲು ಗಟ್ಟಿಯಾಗಿರುತ್ತದೆ. ಮಳೆಗೆ ಹಳ್ಳ, ಬೇಸಿಗೆಗೆ ಪ್ಯಾನಲ್, ಹೀಗೆ ಎರಡೂ ಇದ್ದರೆ ಬ್ಯಾಟರಿ ಚಿಕ್ಕದೇ ಸಾಕು. ಬೋರ್‌ವೆಲ್ ಮೋಟಾರನ್ನು ಮಾತ್ರ ಪಟ್ಟಿಯಿಂದ ತೆಗೆಯಲು ನೋಡಿ. ಮೋಟಾರ್ ಶುರುವಾಗುವಾಗ ಓಡುವುದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಅದಕ್ಕಾಗಿಯೇ ದೊಡ್ಡ ಜನರೇಟರ್ ಬೇಕಾಗುವುದು. ಮನೆಗಿಂತ ಮೇಲೆ ಅಬ್ಬಿ ನೀರು (ಗುಡ್ಡದಿಂದ ಇಳಿಯುವ ಒರತೆ ನೀರು) ಇದ್ದರೆ ಅದು ತಾನಾಗಿಯೇ ಅಡುಗೆಮನೆಗೆ ಇಳಿಯುತ್ತದೆ.

ಇನ್ನೊಂದು ಮಾತು. ಭೂ ಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ನಿಜ. ಆದರೆ ತೋಟದ ಜೊತೆ ತೋರಿಸುವ ಸೊಪ್ಪಿನ ಬೆಟ್ಟ ನಿಮ್ಮದಾಗುವುದಿಲ್ಲ. ಅಲ್ಲಿ ಸೊಪ್ಪು, ದರಗು (ಒಣಗಿ ಉದುರಿದ ಎಲೆ) ತರುವ ಹಕ್ಕು ಮಾತ್ರ. ಹಳ್ಳದ ಕಟ್ಟೆ ಅರಣ್ಯದ ಜಾಗದಲ್ಲಿ ಬರುತ್ತದಾ ಅಂತ ಸರ್ವೆ ಮಾಡಿಸಿ ನೋಡಿ, ಬಂದರೆ ಅನುಮತಿ ಇಲ್ಲದೆ ಒಂದು ಕಲ್ಲನ್ನೂ ಇಡಬೇಡಿ.

ಪ್ರಶ್ನೆ: ಜನರೇಟರನ್ನು ಮಳೆಯಲ್ಲಿ ಎಲ್ಲಿ ಇಡುವುದು? ನಾವು ಜಗಲಿಯ ಮೂಲೆಯಲ್ಲಿ ಇಟ್ಟಿದ್ದೇವೆ. (ಮೂಡಿಗೆರೆ)

ಇವತ್ತೇ ತೆಗೆಯಿರಿ. ಒಂದು ಮಳೆಗಾಲ ನಾವೂ ಅಡುಗೆಮನೆಗೆ ತಾಗಿದ ಇಳಿಮಾಡಿನಲ್ಲಿ ಇಟ್ಟಿದ್ದೆವು. ಸಂಜೆ ಓಡುತ್ತಿತ್ತು. ನನಗೆ ತಲೆನೋವು, ಮಗಳಿಗೆ ವಾಂತಿ. ಜ್ವರ ಬರುತ್ತಿದೆ ಅಂದುಕೊಂಡೆವು. ಅವಳನ್ನು ಎತ್ತಿಕೊಂಡು ಅಂಗಳದ ಚಪ್ಪರಕ್ಕೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಹಗುರಾಯಿತು. ಆಗ ಹೊಳೆಯಿತು. ಇಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಈಗ ನಮ್ಮ ಯಂತ್ರ ಮನೆಯಿಂದ ಮೂವತ್ತು ಅಡಿ ದೂರದಲ್ಲಿ, ನಾಲ್ಕೂ ಕಡೆ ತೆರೆದ ತಗಡಿನ ಮಾಡಿನ ಕೆಳಗಿದೆ. ಹೊಗೆ ಕೊಳವೆ ಮನೆಗೆ ಬೆನ್ನು ಹಾಕಿದೆ. ಪೆಟ್ರೋಲ್ ಯಂತ್ರವಾದರೆ ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂತಾದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಡಿ. ಹಳೆ ಪೆಟ್ರೋಲ್ ಅಂಟಾಗಿ ತೂತು ಕಟ್ಟುತ್ತದೆ. ಬೇಕಾದ ದಿನ ಹಗ್ಗ ಎಳೆದು ಎಳೆದು ತೋಳು ನೋಯುತ್ತದೆ ಅಷ್ಟೇ.

ಪ್ರಶ್ನೆ: ಒಂದೇ ರಾತ್ರಿ ಹದಿನಾಲ್ಕು ನಾಟಿ ಕೋಳಿ ಸತ್ತವು. ಕುತ್ತಿಗೆ ಕಚ್ಚಿದೆ, ತಿಂದಿಲ್ಲ. ಗೂಡಿಗೆ ಬೀಗ ಹಾಕಿತ್ತು. ಮಾಟ ಅಂತಾರೆ. (ಸಕಲೇಶಪುರದ ಯುವಕ)

ಮಾಟ ಅಲ್ಲ ತಮ್ಮಾ. ರಾತ್ರಿ ಬಂದು ಇಷ್ಟನ್ನು ಕೊಂದು ಬಿಟ್ಟುಹೋಗುವುದು ಹೆಚ್ಚಾಗಿ ಪುನುಗು ಬೆಕ್ಕು ಇಲ್ಲವೇ ಕಾಡುಬೆಕ್ಕು. ಕೋಳಿಗಳು ಗಾಬರಿಯಲ್ಲಿ ರೆಕ್ಕೆ ಬಡಿದಷ್ಟೂ ಅದು ಕಚ್ಚುತ್ತಾ ಹೋಗುತ್ತದೆ. ಮುಂಗುಸಿಯಾದರೆ ಹಗಲಿನಲ್ಲಿ ಬರುತ್ತದೆ.

ಬೀಗ ಬಾಗಿಲಿಗೆ ಹಾಕಿದ್ದೀರಿ. ಗೋಡೆ ನೋಡಿ. ನನ್ನ ಗೂಡಿನಲ್ಲಿ ಒಂಬತ್ತು ಕೋಳಿ ಹೋದ ಮಾರನೆಯ ದಿನ ನಾನು ಮೊಣಕಾಲೂರಿ ಟಾರ್ಚ್ ಬಿಟ್ಟು ಸುತ್ತ ಹುಡುಕಿದೆ. ಜಂಬಿಟ್ಟಿಗೆ ಕಲ್ಲಿಗೂ ಮಾಡಿನ ರೀಪಿಗೂ ನಡುವೆ ನಾಲ್ಕು ಬೆರಳು ಸಂದು. ಅದರ ಅಂಚಿಗೆ ಬೂದು ಕೂದಲು ನಾಲ್ಕೈದು ಅಂಟಿತ್ತು. ತಲೆ ತೂರಿದರೆ ಮೈ ತೂರಿದ ಹಾಗೆ. ಆರು ಮೂಲೆಯ ತೆಳು ಕೋಳಿ ಬಲೆ ಕೋಳಿಯನ್ನು ಒಳಗೆ ಇಡುತ್ತದೆ, ಬೆಕ್ಕನ್ನು ಹೊರಗೆ ಇಡುವುದಿಲ್ಲ. ಅರ್ಧ ಇಂಚಿನ ಬೆಸುಗೆ ಜಾಲರಿ ಹಾಕಿ, ಅಡಿಯಲ್ಲೂ ಒಂದು ಅಡಿ ಮಣ್ಣಿನೊಳಗೆ ಇಳಿಸಿ. ಅಂಥ ಜಾಲರಿಯಲ್ಲಿ ಹೆಬ್ಬಾವೂ ನುಸುಳುವುದಿಲ್ಲ.

ಮತ್ತೆ ಕೋಳಿ ತರುವಾಗ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮರೆಯಬೇಡಿ. ಮರಿಗೆ ಐದರಿಂದ ಏಳು ದಿನಕ್ಕೆ ಕಣ್ಣಿಗೋ ಮೂಗಿಗೋ ಒಂದು ಹನಿ, ಆರರಿಂದ ಎಂಟು ವಾರಕ್ಕೆ ಚುಚ್ಚುಮದ್ದು. ಲಸಿಕೆ ತಣ್ಣಗಿರಬೇಕು. ನಮ್ಮಲ್ಲಿ ಫ್ರಿಜ್ ಇಲ್ಲದಾಗ ಪಶು ಆಸ್ಪತ್ರೆಯಿಂದ ಐಸ್ ತುಂಬಿದ ಫ್ಲಾಸ್ಕಿನಲ್ಲಿ ತಂದು ಆ ಗಂಟೆಯಲ್ಲೇ ಹಾಕುತ್ತಿದ್ದೆ. ಮೊಟ್ಟೆ ಜಾಸ್ತಿ ಬೇಕಾದರೆ ನಾಲ್ಕು ಗಿರಿರಾಜ ತಳಿಯ ಕೋಳಿ ಸಾಕಿ. ಮರಿ ಮಾಡಲು ನಾಟಿ ಹೇಂಟೆಯೇ ಬೇಕು. ಕಾವಿಗೆ ಕೂತರೆ 21 ದಿನ ಅಲ್ಲಾಡುವುದಿಲ್ಲ. ಹತ್ತು ಹನ್ನೆರಡು ಮೊಟ್ಟೆ ಇಡಿ, ಜಾಸ್ತಿ ಬೇಡ.

ಮರಿಗಳಿಗೆ ಗೆದ್ದಲು ಹಿಡಿದು ಕೊಡಿ. ಹಳೆ ಮಡಕೆಗೆ ಒದ್ದೆ ಹುಲ್ಲು, ಸಗಣಿ ತುಂಬಿ ಹುತ್ತದ ಬುಡದಲ್ಲಿ ಸಂಜೆ ಬೋರಲು ಹಾಕಿ. ಬೆಳಿಗ್ಗೆ ಎತ್ತಿ ಕೊಡವಿದರೆ ಮರಿಗಳು ಒಂದರ ಮೇಲೊಂದು ಬೀಳುತ್ತವೆ. ಮಳೆ ಹಿಡಿದ ಮೇಲೆ ಇದು ಆಗುವುದಿಲ್ಲ. ಅದಕ್ಕೇ ನಾನು ಮೇ ನಂತರ ಕಾವಿಗೆ ಕೂರಿಸುವುದಿಲ್ಲ. ಆಷಾಢದ ಮರಿ ಥಂಡಿಗೆ ಉಳಿಯುವುದು ಕಷ್ಟ.

ಪ್ರಶ್ನೆ: ಮಳೆಗಾಲದಲ್ಲಿ ಹಿತ್ತಲಲ್ಲಿ ತರಕಾರಿ ಕೊಳೆಯುತ್ತದೆ. ನೀವು ಏನು ತಿನ್ನುತ್ತೀರಿ?

ಬೇಸಿಗೆಯಲ್ಲಿ ಕೂಡಿಟ್ಟದ್ದು. ಗದ್ದೆಯಲ್ಲಿ ಬೆಳೆದ ಮಗೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ತೊಲೆಗೆ ತೂಗುಬಿಡುತ್ತೇನೆ. ಒಂದಕ್ಕೊಂದು ತಾಗಬಾರದು. ಬೆಳೆದ ಹಲಸಿನ ತೊಳೆಗೆ ಉಪ್ಪು ಹಾಕಿ ಭರಣಿಯಲ್ಲಿ ಒತ್ತಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ತೊಳೆದು ನೀರಲ್ಲಿ ನೆನೆಸಿ ಪಲ್ಯ ಮಾಡಬಹುದು. ಹಪ್ಪಳ, ಮಾವಿನ ಮಿಡಿ ಇದ್ದೇ ಇದೆ. ಹಿತ್ತಲಲ್ಲಿ ಮಳೆಗೆ ಹೆದರದವು ಕೆಸು, ಚಗಟೆ, ಚಕ್ರಮುನಿ. ಕಳಲೆ (ಎಳೆ ಬಿದಿರಿನ ಮೊಳಕೆ) ಸಿಕ್ಕರೆ ಹೆಚ್ಚಿ ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸಿ. ಹಸಿ ಕಳಲೆಯಲ್ಲಿ ವಿಷ ಇರುತ್ತದೆ. ಬೆಂಡೆ, ಹೀರೆಯನ್ನು ಮೇ ಕೊನೆಗೆ ಏರಿಮಡಿಯಲ್ಲಿ ಹಾಕಿ. ಜೋರು ಮಳೆ ಬರುವ ಹೊತ್ತಿಗೆ ಗಿಡ ಗಟ್ಟಿಯಾಗಿರಬೇಕು. ಉಪ್ಪು, ಎಣ್ಣೆ, ತೊಗರಿಬೇಳೆ, ಟೀ ಪುಡಿ ನಾವೂ ಅಂಗಡಿಯಿಂದಲೇ ತರುವುದು. ಅದಕ್ಕೆ ದುಡ್ಡು ಕೊಡುವುದು ಅಡಿಕೆ.

ಪ್ರಶ್ನೆ: ಎರಡು ಮಲೆನಾಡು ಗಿಡ್ಡ ಹಸು ಇದ್ದರೆ ಗೋಬರ್ ಗ್ಯಾಸ್ ಸಾಧ್ಯವೇ?

ಸಾಲದು. ಐದಾರು ಜನರ ಅಡುಗೆಗೆ 2 ಘನ ಮೀಟರಿನ ದೀನಬಂಧು ಮಾದರಿಯ ಗ್ಯಾಸ್ ಗುಂಡಿ ಬೇಕು. ಅದಕ್ಕೆ ದಿನಕ್ಕೆ 50 ಕಿಲೋ ಸಗಣಿ. ಗಿಡ್ಡ ತಳಿ ಸಣ್ಣದು, ಹಗಲೆಲ್ಲ ಗುಡ್ಡದಲ್ಲಿ ಮೇಯುತ್ತದೆ, ಕೊಟ್ಟಿಗೆಗೆ ಸಿಗುವುದು ರಾತ್ರಿಯ ಸಗಣಿ ಮಾತ್ರ. ಥಂಡಿಯಲ್ಲಿ ಗ್ಯಾಸೂ ಇಳಿಯುತ್ತದೆ. ಸೌದೆ ಒಲೆ ಕೆಡವಬೇಡಿ.

ಪ್ರಶ್ನೆ: ನಮ್ಮ ಮನೆಯವರಿಗೆ ಕಾಡಿನ ಮನೆಯ ಆಸೆ. ನನಗೆ ಭಯ. ಮಕ್ಕಳು, ವಯಸ್ಸಾದ ಅತ್ತೆ ಇದ್ದಾರೆ. ಏನು ಮಾಡಲಿ? (ದಾವಣಗೆರೆ)

ತಂಗೀ, ನಿಮ್ಮ ಭಯ ಸರಿಯಾಗಿಯೇ ಇದೆ. ಅದನ್ನು ನಿಮ್ಮ ಯಜಮಾನರಿಗೆ ಪ್ರಶ್ನೆಗಳಾಗಿ ಕೇಳಿ. ಹಾವು ಕಚ್ಚಿದರೆ ಔಷಧಿ ಇರುವ ಆಸ್ಪತ್ರೆ ಯಾವುದು, ಎಷ್ಟು ಹೊತ್ತು ಬೇಕು? ಕಚ್ಚಿದ ಜಾಗ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಎರಡೂ ಬೇಡ, ಅಲ್ಲಾಡಿಸದೆ ಕರೆದೊಯ್ಯಬೇಕು. ಕಾಡಲ್ಲಿ ಮಂಗ ಸತ್ತು ಬಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಲು ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ? ಉಣುಗು (ಕಾಡಿನ ಉಣ್ಣೆ ಹುಳ) ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ ನಮ್ಮದೇ ಜಿಲ್ಲೆಯ ಕ್ಯಾಸನೂರಿನಲ್ಲಿ. ಡಿಸೆಂಬರಿನಿಂದ ಮೇ ತನಕ ದರಗು ತರಲು ಹೋಗುವ ಮೊದಲು ಉಣುಗು ಕಚ್ಚದ ಹಾಗೆ ಎಣ್ಣೆ ಹಚ್ಚಿಕೊಳ್ಳುವುದು ನಮಗೆ ಅಭ್ಯಾಸ. ಜುಲೈನಲ್ಲಿ ಹಳ್ಳ ಏರಿದಾಗ ಅತ್ತೆಯನ್ನು ಟಾರು ರಸ್ತೆಗೆ ತಲುಪಿಸುವುದು ಹೇಗೆ?

ಕೊನೆಯದ್ದು ನಮಗೇ ಬಂತು. ಒಂದು ಆಷಾಢದ ಬೆಳಗಿನ ಜಾವ ನಮ್ಮತ್ತೆಗೆ ಉಸಿರು ಕಟ್ಟಿತು. ಜೀಪು ಹಳ್ಳದ ಆಚೆ ನಿಂತಿತ್ತು. ಮರದ ಕುರ್ಚಿಗೆ ಎರಡು ಬಿದಿರ ಗಳ ಕಟ್ಟಿ, ಅವರನ್ನು ಕಂಬಳಿಯಲ್ಲಿ ಸುತ್ತಿ ಕೂರಿಸಿ, ಪಕ್ಕದ ಹಳ್ಳಿಯಿಂದ ಬಂದ ನಾಲ್ವರು ಹೊತ್ತು ಕಾಲುಸಂಕ ದಾಟಿಸಿದರು. ನಾನು ಹಿಂದಿನಿಂದ ಕೊಡೆ ಹಿಡಿದಿದ್ದೆ. ರಸ್ತೆ ತಲುಪಲು ಒಂದು ಗಂಟೆ ಹತ್ತು ನಿಮಿಷ. ಅತ್ತೆ ಉಳಿದರು, ಆಮೇಲೆ ಆರು ವರ್ಷ ನಮ್ಮ ಜೊತೆಗಿದ್ದರು. ಆ ಗಳ ಎರಡೂ ಅಟ್ಟದ ಮೇಲಿವೆ. ಪ್ರತಿ ಮೇ ತಿಂಗಳಲ್ಲಿ ಇಳಿಸಿ, ಹುಳು ಹಿಡಿದಿದೆಯಾ ನೋಡಿ, ಹಗ್ಗ ಹೊಸದು ಕಟ್ಟಿ ಇಡುತ್ತೇವೆ. ನಿಮ್ಮ ಯಜಮಾನರ ಜೊತೆ ನೀವೂ ಜುಲೈನಲ್ಲಿ ಆ ಜಾಗಕ್ಕೆ ಹೋಗಿ. ಟಾರು ರಸ್ತೆಯಿಂದ ಮನೆ ಕಟ್ಟುವ ಜಾಗದ ತನಕ ನಡೆಯಿರಿ. ಗಡಿಯಾರ ನೋಡಿಕೊಳ್ಳಿ. ಎಷ್ಟು ಹೊತ್ತಾಯಿತು ಅಂತ ನನಗೂ ಬರೆಯಿರಿ.