ಡ್ರಾಯಿಂಗ್ ಮೇಷ್ಟ್ರನ್ನು ಕೇಳಿ: ನಾಯಿಗೊಂದು ಕಲ್ಲು, ಗಾಜಿನ ಕಣ್ಣಿನ ಹುಲಿ

ಪ್ರಶ್ನೆ: ಎಂಟನೇ ತರಗತಿಯ ನಲವತ್ತು ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಬೆಂಗಳೂರಿಗೆ ಕರೆತರುತ್ತಿದ್ದೇವೆ. ಕಸ್ತೂರ್ಬಾ ರಸ್ತೆಯ ಮ್ಯೂಸಿಯಂಗಳನ್ನೆಲ್ಲ ತೋರಿಸಿ ಮುಗಿಸಬಹುದೇ?
– ಶಾಲಾ ಶಿಕ್ಷಕಿ, ತರೀಕೆರೆ

ಉತ್ತರ: ನೀವು ತೋರಿಸಬಹುದು ಮೇಡಂ, ಮಕ್ಕಳು ನೋಡುವುದಿಲ್ಲ ಅಷ್ಟೇ. ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಮೊದಲು ಹೋದಿರೋ, ಕತೆ ಮುಗಿಯಿತು. ಅಲ್ಲಿ ಗುಂಡಿ ಒತ್ತಿದರೆ ಏನಾದರೊಂದು ತಿರುಗುತ್ತದೆ, ಸಂಜೆವರೆಗೂ ಒಬ್ಬರೂ ಕದಲುವುದಿಲ್ಲ. ಅದಕ್ಕೇ ಬೆಳಿಗ್ಗೆ ಪಕ್ಕದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರಿನ ಕಲ್ಲು ಎಲ್ಲಿದೆ ಎಂದು ಕೇಳಿ.

ಆತಕೂರು ಇರುವುದು ಮದ್ದೂರು ತಾಲ್ಲೂಕಿನಲ್ಲಿ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ನಿಂತ ಗಂಗರ ಬೂತುಗ, ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ಮಣಲೇರನ ಶೌರ್ಯಕ್ಕೆ ಮೆಚ್ಚಿ ಕೃಷ್ಣ 'ಏನು ಬೇಕು, ಕೇಳು' ಅಂದರೆ, ಆ ಪುಣ್ಯಾತ್ಮ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಬೆಳತೂರಿನ ಬೆಟ್ಟದ ಹತ್ತಿರ ಕಾಳಿ ಒಂದು ಹಂದಿಯ ಮೇಲೆ ಬಿತ್ತು. ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ, ಅಂದರೆ ಗುಡಿಯ ಶೈವ ಪೂಜಾರಿ, ಉಣ್ಣುವಂತಿಲ್ಲ ಎಂಬ ಕಟ್ಟಳೆಯೂ ಶಾಸನದಲ್ಲೇ ಇದೆ. ನಾಯಿ-ಹಂದಿಯ ಕಾದಾಟದ ಕೆತ್ತನೆಯ ಜೊತೆಗೇ ಹಳಗನ್ನಡದ ಸಾಲುಗಳು. ಮಕ್ಕಳನ್ನು ಮುಂದೆ ಕೂರಿಸಿ, ಒಬ್ಬೊಬ್ಬರೂ ಗುರುತು ಸಿಗುವ ಒಂದಕ್ಷರ ಹುಡುಕಲಿ. ಇದಕ್ಕೆ ಒಂದು ಗಂಟೆ ಹಿಡಿದರೆ ಹಿಡಿಯಲಿ, ಪಟ್ಟಿಯಲ್ಲಿ ಬೇರೆ ಏನನ್ನಾದರೂ ಹೊಡೆದುಹಾಕಿ. ಸೋಮವಾರ ರಜೆ. ದುರಸ್ತಿಗೂ ಮುಚ್ಚುವುದುಂಟು, ಬಸ್ಸಿಗೆ ಮುಂಗಡ ಕೊಡುವ ಮೊದಲು ಫೋನ್ ಮಾಡಿ.

ಪ್ರಶ್ನೆ: ದೀಪ ಹಿಡಿದ ಹೆಂಗಸಿನ ಚಿತ್ರ ನಮ್ಮಜ್ಜಿ ಮನೆಯ ಕ್ಯಾಲೆಂಡರಿನಲ್ಲಿತ್ತು. ಮೂಲ ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯದಂತೆ. ರವಿವರ್ಮನದೇ ತಾನೆ?
– ಓದುಗರು, ಹಾವೇರಿ

ಉತ್ತರ: ಅಲ್ಲ ಸ್ವಾಮಿ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಇದು 1940ರ ದಶಕದ್ದು, ಸಾವಂತವಾಡಿಯ ಎಸ್.ಎಲ್. ಹಲ್ದಣಕರ್ ಬರೆದದ್ದು, ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ನನಗೆ ಹೊಟ್ಟೆಕಿಚ್ಚಾಗುವುದು ಬೇರೆ ಕಾರಣಕ್ಕೆ: ಇದು ಜಲವರ್ಣ. ತೈಲವರ್ಣದಲ್ಲಾದರೆ ಬೆಳಕು ಸಾಲದು ಅನ್ನಿಸಿದಾಗ ಕೊನೆಗೆ ಬಿಳಿ ಹಚ್ಚಿಕೊಳ್ಳಬಹುದು. ನೀರಿನ ಬಣ್ಣದಲ್ಲಿ ಬೆಳಕನ್ನು ಕಾಗದದಲ್ಲೇ ಉಳಿಸಿಕೊಂಡು ಬರಬೇಕು. ದೀಪಕ್ಕೆ ಮರೆಯಾಗಿ ಹಿಡಿದ ಕೈ ನೋಡಿ, ಬೆರಳ ಸಂದಿಯಲ್ಲಿ ಚರ್ಮ ಕೆಂಪಗೆ ಹೊಳೆಯುತ್ತದೆ. ಅಲ್ಲಿ ಕುಂಚ ಒಂದು ಸಲ ಹೆಚ್ಚಿಗೆ ಆಡಿದ್ದರೂ ಬಣ್ಣ ರಾಡಿಯಾಗುತ್ತಿತ್ತು.

ಪ್ರಶ್ನೆ: ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯ ಹುಲಿ ನೋಡಿ ಆರು ವರ್ಷದ ಮಗಳು 'ಇದನ್ನ ಯಾರು ಕೊಂದ್ರು?' ಅಂದಳು. ತಾನಾಗಿಯೇ ಸತ್ತಿತು ಅಂದುಬಿಟ್ಟೆ. ಸರಿಯೇ?
– ಒಬ್ಬ ತಾಯಿ, ಉಡುಪಿ

ಉತ್ತರ: ಮೃಗಾಲಯದಲ್ಲಿ ವಯಸ್ಸಾಗಿ ಸತ್ತವೂ ಇರುತ್ತವೆ, ನಿಮ್ಮ ಮಾತು ಪೂರ್ತಿ ಸುಳ್ಳಲ್ಲ. ಆದರೆ ಹಳೆಯ ಕಾಲದ ಹುಲಿಯಾದರೆ ಗುಂಡು ಬಿದ್ದದ್ದೇ ಹೆಚ್ಚು. ನಮ್ಮ ಮೈಸೂರಿನಲ್ಲೇ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ ಇತ್ತು. ರಾಜರು, ಬ್ರಿಟಿಷ್ ಸಾಹೇಬರು ಹೊಡೆದ ಸಾವಿರಾರು ಹುಲಿ-ಚಿರತೆಗಳ ಚರ್ಮ ಅಲ್ಲಿಗೆ ಬರುತ್ತಿತ್ತು. ಒಳಗೆ ತುಂಬಿರುವುದು ಹುಲ್ಲು ಅಂದುಕೊಳ್ಳುತ್ತೇವೆ. ಅವರು ಬಳಸುತ್ತಿದ್ದುದು ಅಚ್ಚಿನಲ್ಲಿ ತೆಗೆದ ಕಾಗದದ ತಿರುಳಿನ ಮೈ, ಅದರ ಮೇಲೆ ಚರ್ಮ, ಗಾಜಿನ ಕಣ್ಣು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಶಿಕಾರಿ ನಿಂತಿತು. 1999ರಲ್ಲಿ ಕಾರ್ಖಾನೆಯೂ ಮುಚ್ಚಿತು. ಮಗಳಿಗೆ ಇಷ್ಟನ್ನೂ ಹೇಳಿಬಿಡಿ ತಾಯಿ. ಕೇಳಿದವಳು ಅವಳೇ ತಾನೆ?

ಪ್ರಶ್ನೆ: ಬೆಂಗಳೂರಿನ ಮ್ಯೂಸಿಯಂ ರಸ್ತೆಯಲ್ಲಿ ಎಷ್ಟು ಸುತ್ತಿದರೂ ಮ್ಯೂಸಿಯಂ ಸಿಗಲಿಲ್ಲ!
– ಓದುಗರು, ಬಳ್ಳಾರಿ

ಉತ್ತರ: ತಡವಾಗಿ ಹೋದಿರಿ. 1865ರಲ್ಲಿ ಎಡ್ವರ್ಡ್ ಬಾಲ್ಫರ್ ಎಂಬ ಡಾಕ್ಟರು ಅಲ್ಲಿನ ಜೈಲು ಕಟ್ಟಡದಲ್ಲಿ ಶುರು ಮಾಡಿದ್ದರು. 1870ರ ದಶಕದಲ್ಲೇ ಅದು ಕಬ್ಬನ್ ಪಾರ್ಕ್ ಪಕ್ಕದ ಕೆಂಪು ಕಟ್ಟಡಕ್ಕೆ ಹೋಯಿತು. ಆಟೋದವರಿಗೆ 'ಕಸ್ತೂರ್ಬಾ ರೋಡ್' ಅನ್ನಿ.